ಎಂಟು ಪಿಸ್ತೂಲು, ಎರಡು ಕಿವಿ

ಪಿಸ್ತೂಲು ಕೊಳ್ಳಲೆಂದು ವರ್ಲ್ ಪ್ರೂಯಿಟ್‌ನ ಅಂಗಡಿಗೆ ಹೋದ ಆರ್ಡಿತ್ ಸೋಡರ್‌ಲಂಡ್ ಒಂದು ಗಂಟೆ ಕಳೆದು ಹೊರಬಂದಾಗ ಕೈ ಖಾಲಿ, ತಲೆ ಭರ್ತಿ. ಅಂಗಡಿಯಲ್ಲಿ ನಡೆಯುವುದು ಗುಂಡಿನ ವ್ಯಾಪಾರವಾದರೂ ಅಲ್ಲಿ ಯಾರೂ ಗುಂಡು ಹಾಕಿರಲಿಲ್ಲ. ಹಾಕಿದ್ದದ್ದು ಬರೀ ಕಾಫಿ. ಆದರೂ ಮಾತು ಮಾತ್ರ ಮೂರನೆಯ ಲೋಟದ ಮಾತೇ.

ವರ್ಲ್ ಹಲ್ಲುಕಡ್ಡಿಯನ್ನು ಬಾಯಿಯ ಎಡಮೂಲೆಯಿಂದ ಬಲಮೂಲೆಗೆ ಸಾಗಿಸಿ, ಗಾಜಿನ ಪೆಟ್ಟಿಗೆಯಿಂದ ಇಲಿಮರಿಯಷ್ಟು ಪುಟ್ಟದೊಂದನ್ನು ತೆಗೆದಿಟ್ಟಿದ್ದ. "ಅಮ್ಮಣ್ಣೀ, ಹೆಂಗಸ್ರ ಕೈಗೆ ಇದು ಹೇಳಿ ಮಾಡಿಸಿದ್ದು. ಪರ್ಸಲ್ಲಿ ಲಿಪ್‌ಸ್ಟಿಕ್ ಪಕ್ಕ ಮಲಕ್ಕೊಳ್ಳುತ್ತೆ."

"ಪಕ್ಕದಲ್ಲಿ ಮಲಗೋಕೆ ನನ್ನ ಹತ್ರ ಲಿಪ್‌ಸ್ಟಿಕ್ಕೇ ಇಲ್ಲ, ವರ್ಲ್," ಎಂದಿದ್ದಳು ಆರ್ಡಿತ್.

ಜೊತೆಗೆ ಬಂದಿದ್ದ ತಮ್ಮ ಗಾರ್ತ್ ಸಿಡುಕಿದ್ದ. "ಅದೊಂದು ಗಿಲಕಿ ಕಣಯ್ಯ! ಅಕ್ಕಾ, ನಲವತ್ತೈದರ ದೊಡ್ಡ ಪಿಸ್ತೂಲು ತಗೋ. ಅಪ್ಪನ ಹತ್ರ ಇದ್ದದ್ದೂ ಅದೇ. ಒಂದು ಬಿತ್ತೂ ಅಂದ್ರೆ ಎದುರಿನವನು ಮತ್ತೆ ಏಳಲ್ಲ." ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದವನೊಬ್ಬ, ಯಾರೂ ಕೇಳದಿದ್ದರೂ, ತಿರುಗುಗೂಡಿನ ಹಳೇ ರಿವಾಲ್ವರನ್ನು ಬಿಟ್ಟ ದಿನವೇ ದೇಶ ಕೆಟ್ಟಿತು ಎಂದು ಸಾರಿದ್ದ. ಭಯಕ್ಕೆ ಮದ್ದು ಹುಡುಕಿಕೊಂಡು ಬಂದವಳಿಗೆ ಎಲ್ಲರೂ ಬರೀ ಮದ್ದಿನ ಅಳತೆ ಹೇಳಿದ್ದರು.

ಆರ್ಡಿತ್‌ಳ ಭಯಕ್ಕೊಂದು ವಿಳಾಸವಿತ್ತು: ಉತ್ತರದ ಜಲ್ಲಿರಸ್ತೆ. ಅವಳು ಪಿಯಾನೋಗಳ ಶ್ರುತಿ ಕೂಡಿಸುವವಳು. ಅಮೆರಿಕದ ವಯೋಮಿಂಗ್‌ನ ಆ ಮೂಲೆಯಲ್ಲಿ ಮನೆಗಳಿಗಿಂತ ಮೈಲಿಗಳೇ ಹೆಚ್ಚು, ಪಿಯಾನೋಗಳು ಇನ್ನೂ ಕಡಿಮೆ. ಉತ್ತರದ ರಸ್ತೆಯಲ್ಲಿ ದನ ಸಾಕುವ ನಾಲ್ಕು ರಾಂಚ್, ಒಂದು ಶಾಲೆ, ಕೊನೆಯಲ್ಲಿ ಕ್ರೋ ಬೆಂಚ್‌ನ ಲೂಥರನ್ ಚರ್ಚು. ಹತ್ತೊಂಬತ್ತು ವರ್ಷ ಅವನ್ನೆಲ್ಲ ಶ್ರುತಿಯಲ್ಲಿ ಇಟ್ಟಿದ್ದವಳು ಅವಳೇ. ಹೋದ ಅಕ್ಟೋಬರಿನಲ್ಲಿ ಆ ರಸ್ತೆಯಲ್ಲಿ ಒಂದು ಪಿಕಪ್ ಹನ್ನೊಂದು ಮೈಲಿ ಅವಳ ಬೆನ್ನಿಗಂಟಿಕೊಂಡೇ ಬಂತು. ಆಮೇಲೆ ಮುಂದೆ ಹೋಗಿ ಅಡ್ಡ ನಿಂತಿತು. ಒಬ್ಬ ಇಳಿದು ಬಂದ, ಅವಳ ಕಿಟಕಿಯ ಗಾಜಿಗೆ ಉಂಗುರದಿಂದ ಟಕ್, ಟಕ್, ಟಕ್ ಎಂದು ಬಡಿದ, ನಕ್ಕ, ಹಿಂದಿರುಗಿ ಹೊರಟುಹೋದ. ಅಷ್ಟೇ.

"ಏನೂ ಆಗಲಿಲ್ಲವಲ್ಲ," ಎಂದರು ಎಲ್ಲರೂ. ಹೌದು, ಏನೂ ಆಗಲಿಲ್ಲ. ಆದರೆ ಆ 'ಏನೂ ಆಗಲಿಲ್ಲ' ಇಡೀ ಚಳಿಗಾಲ ಅವಳ ಅಡುಗೆಮನೆಯಲ್ಲಿ ಅವಳೆದುರೇ ಕೂತು ಊಟ ಮಾಡಿತು. ಉತ್ತರದಿಂದ ಕರೆ ಬಂದಾಗಲೆಲ್ಲ ಅವಳು ನೆಗಡಿ ಎಂದಳು, ಹಿಮ ಎಂದಳು, ಕಾರಿನ ಬ್ಯಾಟರಿ ಎಂದಳು. ಮಾರ್ಚ್ ಬಂತು, ಹಿಮ ಕರಗಿತು, ನೆಪವೂ ಕರಗಿತು. ಚರ್ಚಿನ ಇಂಗಾ ಮೂರನೆಯ ಸಲ ಫೋನ್ ಮಾಡಿದಳು.

"ಆರ್ಡಿತ್, ನೇರ ಹೇಳ್ತೀನಿ ಕಣೇ. ಪಾಸ್ಟರ್ ಕರೆಂಟಿನ ಕೀಬೋರ್ಡ್ ತರಿಸ್ತೀನಿ ಅಂತ ಕೂತಿದ್ದಾರೆ. ಈಸ್ಟರಿಗೆ ಮುಂಚಿನ ಗರಿ ಭಾನುವಾರದೊಳಗೆ ನೀನು ಬರಲಿಲ್ಲ ಅಂದ್ರೆ ಪಿಯಾನೋನ ಯಾರಿಗಾದ್ರೂ ದಾನ ಮಾಡ್ತಾರೆ. ಈಗಲೇ ಅದರ ನಡುವಿನ 'ಸಾ' ಹಸು ಈಯೋ ಹಾಗೆ ಕೂಗುತ್ತೆ."

ಇಂಗಾಗೆ 'ಸಾ' ಗೊತ್ತಿರಲಿಲ್ಲ, ಅವಳು ಹೇಳಿದ್ದು ಅವರ ಭಾಷೆಯ ಸ್ವರದ ಹೆಸರು. ಆದರೆ ಹಸುವಿನ ಕೂಗನ್ನು ಫೋನಿನಲ್ಲಿ ಕೂಗಿಯೇ ತೋರಿಸಿದಳು. ಆರ್ಡಿತ್ ನಗುತ್ತಾ ಫೋನಿಟ್ಟು ಆಮೇಲೆ ಅತ್ತಳು. ಆ ಪಿಯಾನೋ ಹೋದರೆ ಉತ್ತರದ ರಸ್ತೆಯೂ ಹೋದಂತೆ, ತಾನಾಗಿ ಬಿಟ್ಟುಕೊಟ್ಟಂತೆ. ಉಂಗುರದವನಿಗೆ.

ಪಿಸ್ತೂಲಂಗಡಿಗೆ ಹೋಗಿಬಂದ ವಾರದ ಭಾನುವಾರ ಗಾರ್ತ್ ಅವಳನ್ನು ಜಲ್ಲಿಗುಂಡಿಗೆ ಕರೆದೊಯ್ದು ಅಪ್ಪನ ನಲವತ್ತೈದನ್ನು ಕೈಗೆ ಕೊಟ್ಟ. ಢಂ! ಗುಂಡು ಎಲ್ಲಿ ಹೋಯಿತೆಂದು ದೇವರಿಗೇ ಗೊತ್ತು. ಪಿಸ್ತೂಲು ಮಾತ್ರ ಅವಳ ಹಣೆಯ ಕಡೆಗೇ ಬಂತು. ಕಿವಿಗೆ ಹಾಕಿದ್ದ ಸ್ಪಂಜಿನ ಬಿರಡೆ ಸರಿಯಾಗಿ ಕೂತಿರಲಿಲ್ಲ. ಮೂರು ತಾಸು ಎಡಗಿವಿಯಲ್ಲಿ ಕೊಳಲು ಊದುತ್ತಲೇ ಇತ್ತು. ಶ್ರುತಿ ಹಿಡಿಯುವವಳಿಗೆ ಕಿವಿ ಹೋದರೆ ಅನ್ನ ಹೋದಂತೆ. ಅವಳು ಗಾರ್ತ್‌ನ ಮೇಲೆ ರೇಗಿದ್ದು ಅವನಿಗೆ ಕೇಳಿಸಿತು, ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಈ ಕಥೆ ಊರಿನ ದಿನಸಿ ಅಂಗಡಿಯಲ್ಲಿ ಒಲೀಟಾ ಸ್ಟ್ರೌಡ್‌ಳ ಕಿವಿಗೆ ಬಿತ್ತು. ಬಿದ್ದದ್ದೇನು, ಆರ್ಡಿತ್ ಹಾಲಿನ ಕಪಾಟಿನ ಮುಂದೆ ನಿಂತು ವರ್ಲ್‌ನ ಹಲ್ಲುಕಡ್ಡಿ ಸಮೇತ ಇಡೀ ಅಂಗಡಿಯನ್ನು ಅಣಕಿಸಿ ತೋರಿಸುತ್ತಿದ್ದಳು. ಒಲೀಟಾಗೆ ಎಪ್ಪತ್ತನಾಲ್ಕು, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಈಗ ಊರಿನ ಶೂಟಿಂಗ್ ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವವಳು.

"ವರ್ಲ್‌ನ ಮೂಗಿನ ಸ್ವರ ಇನ್ನೂ ಸ್ವಲ್ಪ ಮೇಲಿದೆ," ಎಂದಳು ಒಲೀಟಾ ಬೆಣ್ಣೆ ಆರಿಸುತ್ತಾ. "ಶನಿವಾರ ಬೆಳಿಗ್ಗೆ ಕ್ಲಬ್ಬಿಗೆ ಬಾ. ಕೊಳ್ಳಬೇಡ, ಮಾತೂ ಕೇಳಬೇಡ, ಸುಮ್ನೆ ಹೊಡೆದು ನೋಡು. ಕಿವಿಗೆ ಬಿರಡೆ ಹಾಕಿ ಅದರ ಮೇಲೆ ದೊಡ್ಡ ಮುಚ್ಚಳನೂ ಹಾಕ್ಕೋ. ಆ ಕಿವಿ ನಮ್ಮೆಲ್ಲರ ಆಸ್ತಿ ಕಣಮ್ಮ. ನನ್ನ ಮೊಮ್ಮಗಳ ಪಿಯಾನೋ ನೋಡೋದೂ ನೀನೇ."

ತಿಂಗಳ ಕೊನೆಯ ಶನಿವಾರ ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಸದಸ್ಯರು ಮಡಿಸುವ ಮೇಜಿನ ಮೇಲೆ ತಮ್ಮ ತಮ್ಮ ಪಿಸ್ತೂಲುಗಳನ್ನು ಬಾಯಿ ತೆರೆದು ಖಾಲಿ ಇಡುತ್ತಾರೆ. ಬಂದವರು ಯಾರಾದರೂ ಸರಿ, ಯಾವುದನ್ನಾದರೂ ಎತ್ತಿ ಗುರಿಹಲಗೆಗೆ ಹೊಡೆದು ನೋಡಬಹುದು. ಅಂದು ಎಂಟು ಇದ್ದವು. ಎಲ್ಲವೂ ಒಂದು ಗುಂಡು ಹಾರಿದೊಡನೆ ಖಾಲಿ ಕೋಶವನ್ನು ಪಕ್ಕಕ್ಕೆ ಉಗಿದು, ಮುಂದಿನದನ್ನು ತಾವೇ ಬಾಯಿಗೆ ಹಾಕಿಕೊಳ್ಳುವ ಜಾತಿಯವು. ಗಾರ್ತ್ ತಂದಿದ್ದ ಅಪ್ಪನ ನಲವತ್ತೈದು, ಕೈ ಹಿಡಿತಕ್ಕಿಂತ ಅಗಲದ್ದೊಂದು, ಯಜಮಾನನ ಹೆಂಡತಿಗಿಂತ ಹೆಚ್ಚು ಆರೈಕೆ ಕಂಡು ಹೊಳೆಯುವುದೊಂದು, ವರ್ಲ್‌ನ ಇಲಿಮರಿ, ಇನ್ನು ವರ್ಲ್ ತನ್ನ ಹಳೇ ಮಾಲಿನ ಕಪಾಟಿನಿಂದ ತಂದ ಕುರೂಪಿ ಒಂದು. ಅದರ ಕಪ್ಪು ಬಣ್ಣ ಹೋಗಿ ಬೂದಿಯಾಗಿತ್ತು, ಹಿಡಿಯ ಮೇಲೆ ಯಾರೋ ಮೊಳೆಯಿಂದ ತಮ್ಮ ಹೆಸರಿನ ಅಕ್ಷರ ಗೀಚಿದ್ದರು.

ಅಪರಿಚಿತರು ಅವಳ ಕೈಗೆ ತಮ್ಮ ಮುದ್ದಿನ ವಸ್ತು ಕೊಟ್ಟರು, ಗುಂಡನ್ನೂ ತಮ್ಮದೇ ಕೊಟ್ಟರು. ಅವಳು ಎಂಟರಲ್ಲೂ ಹೊಡೆದಳು. ಎಂಟರಲ್ಲೂ ಗುಂಡು ಗುರಿಯ ಕೆಳಗೆ, ಎಡಕ್ಕೆ, ಮಣ್ಣಿಗೆ. ಇಲಿಮರಿಯಂತೂ ಅವಳ ಹೆಬ್ಬೆರಳ ಸಂದಿಯನ್ನೇ ಕಚ್ಚಿ ರಕ್ತ ತೆಗೆಯಿತು.

"ಭುಜ ಸಡಿಲ ಬಿಡಿ!" ಎಂದ ಒಬ್ಬ. "ಭುಜ ಬಿಗಿ ಮಾಡಿ!" ಎಂದ ಇನ್ನೊಬ್ಬ. "ಎಡಗಣ್ಣು ಮುಚ್ಚು ಅಕ್ಕಾ!" ಗಾರ್ತ್ ಕೂಗಿದ. "ಎರಡೂ ಮುಚ್ಚಿದ್ದಾಳೆ ಕಣೋ," ಎಂದ ವರ್ಲ್.

ಒಲೀಟಾ ಎಲ್ಲರನ್ನೂ ಬಸ್ಸಿನ ಹಿಂದಿನ ಸೀಟಿನ ಹುಡುಗರನ್ನು ನೋಡುವಂತೆ ಒಮ್ಮೆ ನೋಡಿದಳು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಆ ಕುರೂಪಿ ಪಿಸ್ತೂಲನ್ನು ಎತ್ತಿಕೊಂಡು, ಬೆನ್ನು ತಿರುಗಿಸಿ ತಾನೇ ಗುಂಡು ತುಂಬಿ ಅವಳ ಕೈಗಿತ್ತಳು. "ಹೊಡಿ."

ಢಂ. ಢಂ. ಮೂರನೆಯ ಸಲ ಆರ್ಡಿತ್ ಬೆರಳೆಳೆದಳು. ಕ್ಲಿಕ್ ಎಂದಷ್ಟೇ ಆಯಿತು. ಗುಂಡು ಹಾರಲಿಲ್ಲ. ಆದರೆ ಪಿಸ್ತೂಲಿನ ಮೂತಿ ತಾನಾಗಿ ನೆಲಕ್ಕೆ ಧುಮುಕಿತು, ಯಾರೋ ಹಿಡಿದು ಜಗ್ಗಿದಂತೆ. ಒಲೀಟಾ ಸದ್ದಿಲ್ಲದೆ ನಡುವೆ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗುಂಡು ಸೇರಿಸಿದ್ದಳು.

"ನೋಡಿದ್ಯಾ? ಪಿಸ್ತೂಲು ಒದೆಯೋಕೆ ಮುಂಚೆ ನೀನೇ ಅದನ್ನ ಒದೀತೀಯ. ಸದ್ದು ಬರೋಕೆ ಮುಂಚೆ ಹೆದರಿ ಮುಗಿಸಿರ್ತೀಯ."

ಆರ್ಡಿತ್‌ಳ ಮುಖ ಕೆಂಪಾಯಿತು. ಅಕ್ಟೋಬರಿನಿಂದ ತಾನು ಮಾಡುತ್ತಿದ್ದುದೂ ಇದನ್ನೇ ಎಂದು ಅವಳಿಗೆ ಅನ್ನಿಸಿತು. "ನನ್ನ ಕೈಲಿ ಆಗಲ್ಲ ಒಲೀಟಾ. ಕೀಬೋರ್ಡೇ ತರಿಸ್ಲಿ ಬಿಡಿ."

"ಯಾವ ಕೀಬೋರ್ಡು? ಏನೋ ಗೊತ್ತಿಲ್ಲ. ಇಲ್ಲಿ ನೋಡು. ಗುಂಡೇ ಇಲ್ಲ ಈಗ, ಖಾಲಿ. ಈ ಟ್ರಿಗರ್ ಕುದುರೆನ ಎಳೀಬೇಡ, ಒತ್ತು. ಮೆತ್ತಗೆ. ಸ್ವಲ್ಪ ದೂರ ಸುಮ್ನೆ ಬರುತ್ತೆ. ಆಮೇಲೆ ಗೋಡೆ ಸಿಕ್ಕ ಹಾಗೆ ಒಂದು ತಡೆ. ಅಲ್ಲಿ ನಿಲ್ಲು. ಆಮೇಲೆ ಅದು ಬಿಟ್ಟುಕೊಳ್ಳೋವರೆಗೂ ಒತ್ತುತ್ತಾ ಇರು. ಯಾವಾಗ ಅಂತ ನೀನು ಕೇಳ್ಬೇಡ, ಅದೇ ಹೇಳುತ್ತೆ."

ಆರ್ಡಿತ್ ಒತ್ತಿದಳು. ಸುಮ್ಮನೆ ಬಂತು. ತಡೆ ಸಿಕ್ಕಿತು. ಅವಳ ಬೆರಳು ಅಲ್ಲೇ ನಿಂತಿತು. ಅವಳಿಗೆ ಗೊತ್ತಿದ್ದ ಜಾಗ ಅದು, ಹತ್ತೊಂಬತ್ತು ವರ್ಷದಿಂದ ಗೊತ್ತಿದ್ದ ಜಾಗ. ಪಿಯಾನೋದ ಮನೆಯೊಂದನ್ನು, ಅಂದರೆ ಬೆರಳಿಡುವ ಪಟ್ಟಿಯೊಂದನ್ನು, ಆದಷ್ಟೂ ನಿಧಾನವಾಗಿ ಒತ್ತಿದರೆ, ತಂತಿಗೆ ಬಡಿಯುವ ಪುಟ್ಟ ಸುತ್ತಿಗೆ ಅದಕ್ಕೆ ಕೂದಲೆಳೆಯಷ್ಟು ದೂರವಿರುವಾಗ ತನ್ನ ಕೆಳಗಿನ ಮೆಟ್ಟಿಲಿನಿಂದ ಜಾರಿ ಸ್ವತಂತ್ರವಾಗುತ್ತದೆ. ಆ ಜಾರುವಿಕೆ ಬೆರಳಿಗೆ ಒಂದು ಸಣ್ಣ ಗುಬುಟಿನಂತೆ, ಉಬ್ಬು ದಾಟಿದಂತೆ ತಿಳಿಯುತ್ತದೆ. ಎಂಬತ್ತೆಂಟು ಮನೆಗಳಲ್ಲೂ ಆ ಗುಬುಟು ಒಂದೇ ಸಮ ಬರುವಂತೆ ಮಾಡುವುದೇ ಅವಳ ಅರ್ಧ ಕಸುಬು.

"ಅಯ್ಯೋ, ಸುತ್ತಿಗೆ ಬಿಡೋ ಜಾಗ!" ಎಂದು ಕಿರುಚಿದಳು. "ಒಲೀಟಾ, ಇದು ಪಿಯಾನೋ ಕಣ್ರೀ! ಒತ್ತಿದ್ರೆ ಹೀಗೇ ತಡೆಯುತ್ತೆ, ಆಮೇಲೆ ಜಾರುತ್ತೆ, ಸುತ್ತಿಗೆ ಹಾರುತ್ತೆ..."

"ನೀನು ಏನು ಹೇಳ್ತಿದ್ದೀಯೋ ಒಂದಕ್ಷರ ತಿಳೀಲಿಲ್ಲ. ಅದನ್ನೇ ಮಾಡು."

"ಹೊಡೆದ ಮೇಲೆ ಪೂರ್ತಿ ಬಿಡಬೇಕಾ?"

"ಬೇಡ. ಕ್ಲಿಕ್ ಅನ್ನೋವರೆಗೆ ಬಿಟ್ಟು ಅಲ್ಲಿಂದಲೇ ಮತ್ತೆ ಒತ್ತು."

"ದೊಡ್ಡ ಗ್ರಾಂಡ್ ಪಿಯಾನೋ!" ಎಂದಳು ಆರ್ಡಿತ್ ಕಣ್ಣರಳಿಸಿ. ಅದರಲ್ಲೂ ಹಾಗೇ, ಮನೆಯನ್ನು ಅರ್ಧ ಬಿಟ್ಟರೆ ಸಾಕು, ಮತ್ತೆ ನುಡಿಯುತ್ತದೆ. ಗಾರ್ತ್ ವರ್ಲ್‌ನತ್ತ ನೋಡಿದ. "ಅಕ್ಕನಿಗೆ ಬಿಸಿಲು ಹೊಡೀತಾ ಅಂತ?"

ಮುಂದಿನ ಹತ್ತರಲ್ಲಿ ಏಳು ಹಲಗೆಗೆ ಬಿದ್ದವು, ಅದರಲ್ಲಿ ನಾಲ್ಕು ಕಪ್ಪು ಚುಕ್ಕೆಯ ಒಳಗೆ. ಸದ್ದು ಆಯಿತು, ಒದೆಯೂ ಬಂತು. ಆದರೆ ಅವೆರಡೂ ಬರುವ ಹೊತ್ತಿಗೆ ಅವಳ ಕೆಲಸ ಮುಗಿದಿರುತ್ತಿತ್ತು. ಹತ್ತನೆಯದು ಹಾರಿದಾಗ ಅವಳು ನಗುತ್ತಿದ್ದಳು. ಇದರಲ್ಲಿ ಮಜವೂ ಇದೆ ಎಂದು ಆರು ತಿಂಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಆಮೇಲೆ ಅವಳು ಎಂಟನ್ನೂ ಖಾಲಿ ಮಾಡಿಸಿ, ಮಣ್ಣಿನ ದಿಬ್ಬಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ ಒಂದೊಂದನ್ನೇ ಒತ್ತಿ ನೋಡಿದಳು. ಕ್ಲಬ್ಬಿನವರು ಚರ್ಚಿನಲ್ಲಿದ್ದಂತೆ ಟೋಪಿ ತೆಗೆದು ನಿಂತರು. ಹೊಳೆಯುವುದರ ತಡೆ ಮರಳಿನಂತೆ ಗರಗರ. ನಲವತ್ತೈದರದು ಚೆನ್ನ, ಆದರೆ ಕೈಗೆ ದಪ್ಪ. ಇಲಿಮರಿಯದು ಬೆಟ್ಟ ಹತ್ತಿದಂತೆ. ಕುರೂಪಿಯದು ಬೆಣ್ಣೆ. ಒಂಬತ್ತು ಮಿಲಿಮೀಟರ್ ಗುಂಡಿನ ನಡುಗಾತ್ರದ್ದು, ಒದೆಯನ್ನು ತಾನೇ ನುಂಗುವಷ್ಟು ತೂಕ, ಅವಳ ಕೈ ತುಂಬುವಷ್ಟು ಹಿಡಿ.

"ಇದೇ," ಎಂದಳು. "ಆದ್ರೆ ವರ್ಲ್, ಇದರ ಮೇಲಿನ ಭಾಗ ಹಿಂದಕ್ಕೆ ಹೋಗಿ ವಾಪಸ್ ಬರೋವಾಗ ಚಕ್ ಅನ್ನಬೇಕಾದ್ದು ಚಾ..ಕ್ ಅನ್ನುತ್ತೆ. ಸ್ಪ್ರಿಂಗ್ ಸೋತಿದೆ."

ವರ್ಲ್‌ನ ಹಲ್ಲುಕಡ್ಡಿ ದಾರಿ ಮಧ್ಯೆಯೇ ನಿಂತಿತು. ಬಿಚ್ಚಿ ನೋಡಿದ, ಹೊಸ ಸ್ಪ್ರಿಂಗಿನ ಪಕ್ಕ ಇಟ್ಟು ಅಳೆದ. ಹಳೆಯದು ಒಂದು ಬೆರಳು ಗಿಡ್ಡವಿತ್ತು. ಅವನು ಹೊಸದನ್ನು ಹಾಕಿ ಹೇಳಿದ: "ಅಮ್ಮಣ್ಣೀ, ನೀನು ನನ್ನ ಹಾಗೆ ಮಾತಾಡಿ ತೋರಿಸ್ತೀಯಂತೆ. ಸ್ವಲ್ಪ ತೋರ್ಸು." ಅವಳು ತೋರಿಸಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. "ಒಲೀಟಾ ಹೇಳಿದ್ದು ನಿಜ, ಮೂಗು ಇನ್ನೂ ಮೇಲೆ," ಎಂದ. ಸೋಮವಾರ ಅಂಗಡಿಯಲ್ಲಿ ಕಾಗದ ತುಂಬಿಸಿ, ಹಿನ್ನೆಲೆ ತಪಾಸಣೆಯ ಸರ್ಕಾರಿ ಫೋನಿಗೆ ಹತ್ತು ನಿಮಿಷ ಕಾದು, ಪಿಸ್ತೂಲನ್ನು ಅವಳ ಕೈಗೆ ಕೊಟ್ಟ.

ಅಲ್ಲಿಂದ ಹದಿನೈದು ದಿನ ಅವಳು ಒಲೀಟಾಳ ಜೊತೆ ಅಭ್ಯಾಸ ಮಾಡಿದಳು. ಒಲೀಟಾ ಕಲಿಸಿದ್ದರಲ್ಲಿ ಹೊಡೆಯುವುದು ಕಾಲು ಪಾಲು. ಉಳಿದದ್ದೆಲ್ಲ ಹೊಡೆಯದೇ ಇರುವುದು. "ಮೊದಲು ಕಣ್ಣು, ಆಮೇಲೆ ಕಾರಿನ ಚಕ್ರ, ಆಮೇಲೆ ಫೋನು. ಇದು ಎಲ್ಲಕ್ಕಿಂತ ಕೊನೆ. ಸೊಂಟದಲ್ಲಿದೆ ಅಂತ ಹುಡುಗಾಟ ಆಡಿದ್ಯೋ, ಬಸ್ಸಿಂದ ಇಳಿಸಿಬಿಡ್ತೀನಿ." ಎರಡನೆಯ ವಾರ ಆರ್ಡಿತ್ ಕ್ಲಬ್ಬಿಗೆ ದೊಡ್ಡ ಪಾತ್ರೆ ತುಂಬ ಚಿಲ್ಲಿ ಎನ್ನುವ ಮಾಂಸ-ಕಾಳಿನ ಸಾರು, ಅದರ ಜೊತೆ ದಾಲ್ಚಿನ್ನಿ ಸುರುಳಿ ರೊಟ್ಟಿ ಮಾಡಿಕೊಂಡು ಹೋದಳು. ಪಿಸ್ತೂಲು ಕೊಟ್ಟ ಎಲ್ಲರ ಮನೆಗೂ ಬೇರೆ ಬೇರೆ ಡಬ್ಬಿ. ಕೊಡುವಾಗ ಒಂದು ಸಣ್ಣ ಭಾಷಣ ಮಾಡಬೇಕೆಂದಿದ್ದಳು. ಡಬ್ಬಿಗಳನ್ನು ಮುಂದೆ ತಳ್ಳಿ, "ತಿನ್ನಿ," ಎಂದಷ್ಟೇ ಹೇಳಿದಳು. ಅವರು ತಿಂದರು.

ಗರಿ ಭಾನುವಾರಕ್ಕೆ ಮುಂಚಿನ ಗುರುವಾರ ಅವಳು ಉತ್ತರಕ್ಕೆ ಹೊರಟಳು. ಇಪ್ಪತ್ತನೆಯ ಮೈಲಿ ದಾಟಿದ್ದಾಗ ಹಿಂದೆ ಧೂಳೆದ್ದಿತು. ಒಂದು ಪಿಕಪ್, ಬರಬರುತ್ತಾ ಹತ್ತಿರ. ಅವಳ ಕೈ ಸೊಂಟಕ್ಕೆ ಹೋಗಲಿಲ್ಲ. ಕನ್ನಡಿ ನೋಡಿದಳು, ಬಾಗಿಲ ಚಿಲಕ ನೋಡಿದಳು, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಳು, ವೇಗ ಇಳಿಸಿ ಬಲಕ್ಕೆ ಸರಿದು ದಾರಿ ಬಿಟ್ಟಳು. ಸದ್ದು ಬರುವ ಮೊದಲೇ ಹೆದರಿ ಮುಗಿಸಲಿಲ್ಲ. ಪಿಕಪ್ ಪಕ್ಕಕ್ಕೆ ಬಂತು. ಹಿಂದೆ ಎರಡು ಕರು, ಮುಂದೆ ಒಬ್ಬ ಮುದುಕ. ಅವನು ಸ್ಟಿಯರಿಂಗಿನಿಂದ ಒಂದು ತೋರುಬೆರಳು ಎತ್ತಿದ, ಆ ಕಡೆಯ ಎಲ್ಲರೂ ಎಲ್ಲರಿಗೂ ವಂದಿಸುವಂತೆ. ಅವಳೂ ಎತ್ತಿದಳು. ಅವನು ಹೋದ. ಧೂಳು ಇಳಿಯುವವರೆಗೆ ಅವಳು ನಿಂತು, ಯಾರಿಗೆಂದು ಹೇಳದೆ, "ಥ್ಯಾಂಕ್ಸ್" ಎಂದಳು.

ಚರ್ಚಿನ ಅಂಗಳದಲ್ಲಿ ಇಂಗಾ ಏಪ್ರನ್ನಿನಲ್ಲಿ ಕೈ ಒರೆಸುತ್ತಾ ಓಡಿ ಬಂದಳು. "ಬಂದ್ಯಾ ತಾಯಿ! ಕೀಬೋರ್ಡ್ ತರಿಸೋ ಕ್ಯಾಟಲಾಗ್ ಪುಸ್ತಕ ನಾನು ಒಲೆಗೆ ಹಾಕಿದೀನಿ, ಪಾಸ್ಟರ್‌ಗೆ ಹೇಳಬೇಡ."

"ಇಂಗಾ, ನನ್ನ ಸೊಂಟದಲ್ಲಿ ಒಂದು ಪಿಸ್ತೂಲಿದೆ. ದೇವರ ಮನೆಯೊಳಗೆ ತರೋದು ಸರಿ ಬರುತ್ತೋ ಇಲ್ವೋ..."

"ನಮ್ಮನೆ ಕಬ್ಬಿಣದ ಪೆಟ್ಟಿಗೇಲಿ ಇಡೋಣ ಬಾ. ಅಲ್ಲಿ ನಂದೂ ಒಂದಿದೆ, ಒಂಟಿಯಾಗಿ ಕೂತು ಬೇಜಾರಾಗಿದೆ ಅದಕ್ಕೆ."

ಹಸುವಿನಂತೆ ಕೂಗುತ್ತಿದ್ದ ಸ್ವರದಿಂದಲೇ ಆರ್ಡಿತ್ ಶುರು ಮಾಡಿದಳು. ಸಂಜೆ ನಾಲ್ಕಕ್ಕೆ ಎಂಬತ್ತೆಂಟೂ ಒಂದಕ್ಕೊಂದು ಒಪ್ಪಿ ನಿಂತವು. ಹೆಂಗಸರು ನಾಲ್ವರು ಸೇರಿ ಭಾನುವಾರದ ಹಾಡನ್ನು ಹಾಡಿ ನೋಡುತ್ತಿದ್ದಾಗ ಅವಳು ಚರ್ಚಿನ ಅಡುಗೆಮನೆಗೆ ಹೋಗಿ, ತನ್ನ ಗಿರಾಕಿಗಳ ಹಳೇ ಪುಸ್ತಕ ಬಿಚ್ಚಿ, ಗೋಡೆಯ ಫೋನಿನಲ್ಲಿ ಉತ್ತರದ ಮೊದಲನೆಯ ರಾಂಚಿನ ಸಂಖ್ಯೆ ತಿರುಗಿಸಿದಳು.

"ಹಲೋ, ನಾನು ಆರ್ಡಿತ್. ಹೌದು, ಬದುಕಿದೀನಿ! ನೆಗಡಿ ಹೋಯ್ತು. ನಾಳೆ ನಿಮ್ಮ ಕಡೆ ಬರ್ತೀನಿ. ಆಮೇಲೆ ಶಾಲೆಗೂ. ಹ್ಞೂಂ, ಒಬ್ಬಳೇ."