ಬಿಸಿಲಿನ ಮಣೆ

"ಇದು ದಿನಾ ಬಿಸಿಲಲ್ಲಿ ಕೂರುತ್ತಾ?" ಎಂದು ಕೇಳುತ್ತ ಡಾಕ್ಟರಮ್ಮ ಬೆಕ್ಕಿನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ದೀಪಕ್ಕೆ ಒಡ್ಡಿದಳು.

"ಹೂಂ, ಅದಕ್ಕೇ ಅಂತ ಒಂದು ಮಣೆ ಮಾಡಿಕೊಟ್ಟಿದೀನಿ" ಎಂದ ಗಡಿಯಾರ ರಿಪೇರಿಯವನು. ಮೇಷ್ಟರ ಪ್ರಶ್ನೆಗೆ ಸರಿಯುತ್ತರ ಗೊತ್ತಿರುವ ಹುಡುಗನ ಹಾಗೆ ಅವನ ಮುಖ ಅರಳಿತ್ತು.

ಡಾಕ್ಟರಮ್ಮ ಕಿವಿಯನ್ನು ಮೆಲ್ಲಗೆ ಬಿಟ್ಟಳು. ಹೋದ ವಾರ ಕಿವಿಯ ತುದಿಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಳು. ಉತ್ತರ ಬಂದಿದೆ, ಇದು ಗಾಯವಲ್ಲ, ಕ್ಯಾನ್ಸರ್ ಎಂದಳು. ಬಿಳಿ ಬೆಕ್ಕುಗಳ ಕಿವಿಯಲ್ಲಿ ಕೂದಲು ತೆಳ್ಳಗೆ, ಚರ್ಮ ಇನ್ನೂ ತೆಳ್ಳಗೆ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಹೀಗಾಗುವುದುಂಟು ಎಂದು ವಿವರಿಸಿದಳು. ಯಾರನ್ನೂ ದೂರುವ ದನಿಯಲ್ಲ ಅದು. ಆದರೂ ಗಡಿಯಾರದವನು ಅರಳಿದ್ದ ಮುಖವನ್ನು ಮುಚ್ಚಿಕೊಳ್ಳುವುದು ಮರೆತುಹೋಗಿ, ಅದೇ ನಗುವಿನಲ್ಲಿ ಕಲ್ಲಾಗಿ ನಿಂತುಬಿಟ್ಟ.

ಬೆಕ್ಕಿನ ಹೆಸರು ಸುಣ್ಣ. ಆ ಬಣ್ಣಕ್ಕೆ ಇನ್ನೇನು ಹೆಸರಿಡುವುದು? ಯಾರೋ ಗಿರಾಕಿ ರಿಪೇರಿಗೆ ತಂದ ಗೋಡೆ ಗಡಿಯಾರದ ರಟ್ಟಿನ ಡಬ್ಬಿಯಲ್ಲಿ ಮರಿಯಾಗಿ ಸೇರಿಕೊಂಡಿತ್ತು. ಗಡಿಯಾರ ವಾಪಸು ಹೋಯಿತು, ಮರಿ ಉಳಿಯಿತು. ಅವನ ಕೆಲಸದ ಮೇಜು ಕಿಟಕಿಗೆ ತಾಗಿಕೊಂಡೇ ಇತ್ತು. ಬೆಳಕಿಲ್ಲದೆ ಗಡಿಯಾರದ ಕೆಲಸವಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ತನಗೆ ಒಳ್ಳೆಯದಾದ ಬೆಳಕು ಬೆಕ್ಕಿಗೂ ಒಳ್ಳೆಯದೇ ಇರಬೇಕಲ್ಲ ಎಂದು ಒಂದು ಮಣೆಗೆ ಬಟ್ಟೆ ಹೊದಿಸಿ, ಬಿಸಿಲು ಸರಿದಂತೆಲ್ಲ ಅದನ್ನೂ ಬೆಕ್ಕಿನ ಸಮೇತ ಸರಿಸುತ್ತಿದ್ದ. ಮುಂದಿನ ಗಲ್ಲಾದಲ್ಲಿ ಕೂತು ವಾಚುಗಳಿಗೆ ಸೆಲ್ಲು, ಬೆಲ್ಟು ಹಾಕಿಕೊಡುತ್ತಿದ್ದ ಹೆಂಡತಿ, ನನಗೊಂದು ದಿನ ಹೀಗೆ ಕುರ್ಚಿ ಸರಿಸಿದ್ದುಂಟಾ ಎಂದು ಕಿಚಾಯಿಸುತ್ತಿದ್ದಳು.

ಈಗ ಡಾಕ್ಟರಮ್ಮನ ಮುಂದೆ ಅವಳು ಕಿಚಾಯಿಸಲಿಲ್ಲ. ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟು, "ಹಕ್ಕಳೆ ವಿಷಯಾನೂ ಹೇಳಿಬಿಡ್ರೀ" ಎಂದಳು.

ಅವನು ಹೇಳಿದ. ಕಿವಿಯ ತುದಿಯಲ್ಲಿ ಹಕ್ಕಳೆ ಕಟ್ಟಿದ್ದನ್ನು ಕಂಡಾಗ ಅವನಿಗೆ ಹೊಳೆದದ್ದು ತುಕ್ಕು. ತುಕ್ಕಿಗೆ ಮದ್ದು ಅವನ ಕೈಯಲ್ಲೇ ಇತ್ತು: ಕೆರೆದು ತೆಗೆಯುವುದು, ಎಣ್ಣೆ ಹಚ್ಚುವುದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತನ್ನ ಅತಿ ಸಣ್ಣ ಚಿಮುಟದಿಂದ ದಿನಾ ಬೆಳಗ್ಗೆ ಹಕ್ಕಳೆ ಬಿಡಿಸಿ, ಕೊಬ್ಬರಿಯೆಣ್ಣೆ ಸವರಿ, ಮತ್ತೆ ಬಿಸಿಲಿಗೆ ಕೂರಿಸುತ್ತಿದ್ದ. ಡಾಕ್ಟರಿಗೆ ತೋರಿಸೋಣ ಎಂದು ಹೆಂಡತಿ ಹೇಳಿದ್ದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗಿನಲ್ಲಿ ಸೊಟ್ಟ ಕಾಣುವ ಕಣ್ಣು ತನ್ನದು, ಇಷ್ಟು ದೊಡ್ಡ ಹುಣ್ಣು ತಿಳಿಯದೇ ಎಂಬ ಜಂಬ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಎರಡೂ ಕಿವಿಯ ಹಾಲೆಗಳನ್ನು ಬುಡದ ತನಕ ಕತ್ತರಿಸಬೇಕು, ಇನ್ನೊಂದರಲ್ಲೂ ಶುರುವಾಗಿದೆ ಎಂದಳು. ಪೂರ್ತಿ ತೆಗೆದರೆ ಬಹುಮಟ್ಟಿಗೆ ವಾಸಿಯಾಗುತ್ತದೆ, ಕೇಳುವುದಕ್ಕೇನೂ ತೊಂದರೆಯಿಲ್ಲ. ಆದರೆ ಮುದಿ ಬೆಕ್ಕು, ಮೂತ್ರಪಿಂಡ ಸೊರಗಿದೆ, ಅರಿವಳಿಕೆಯಿಂದ ಏಳದೆಯೂ ಹೋಗಬಹುದು. ಬಿಟ್ಟರೆ ಹುಣ್ಣು ಒಳಕ್ಕೆ ತಿನ್ನುತ್ತಾ ಹೋಗುತ್ತದೆ. ಯೋಚಿಸಿ ಹೇಳಿ ಎಂದಳು.

"ಕಿವಿ ಇಲ್ಲದ ಬೆಕ್ಕಾ?" ಎಂದ ಅವನು. ಇಷ್ಟೆಲ್ಲ ಕೇಳಿಸಿಕೊಂಡು ಬಾಯಿಂದ ಬಂದದ್ದು ಅದೊಂದೇ.

ಅಂಗಡಿಗೆ ಮರಳಿ ಬುಟ್ಟಿಯ ಮುಚ್ಚಳ ತೆಗೆದದ್ದೇ ತಡ, ಸುಣ್ಣ ನೇರ ಮೇಜಿಗೆ ನೆಗೆದು ಮಣೆಯ ಮೇಲೆ ಕೂತಿತು. ಹಿಂದಿನಿಂದ ಬಿಸಿಲು ಬಿದ್ದು ಕಿವಿಗಳು ಕೆಂಪಗೆ ಬೆಳಗಿದವು. ಒಳಗಿನ ನರಗಳ ಗೆರೆಗಳೂ ಕಂಡವು. ಎಷ್ಟು ವರ್ಷ ಕೈಕೆಲಸ ನಿಲ್ಲಿಸಿ ಅದನ್ನೇ ಕಣ್ತುಂಬ ನೋಡಿದ್ದನೋ! ಈಗ ಬೆಕ್ಕನ್ನು ಬಾಚಿ ಎತ್ತಿ ನೆಲಕ್ಕಿಳಿಸಿದ. ಅದು ಮತ್ತೆ ನೆಗೆದು ಅಲ್ಲೇ ಕೂತಿತು.

"ವಯಸ್ಸಾಗಿದೆ, ಇರೋಷ್ಟು ದಿನ ಇರಲಿ ಬಿಡು" ಎಂದ. "ಆ ಆಪರೇಷನ್ ಟೇಬಲ್ ಮೇಲೆ ಸತ್ತರೆ ಅದೂ ನನ್ನ ಕೈಯಿಂದಲೇ ಆದ ಹಾಗೆ."

ಹೆಂಡತಿ ಕೈಯಲ್ಲಿದ್ದ ಬೆಲ್ಟನ್ನು ಕೆಳಗಿಟ್ಟಳು. "ಹಳೇ ಗಡಿಯಾರ ತಂದೋರಿಗೆ ನೀವೇ ಹೇಳ್ತೀರಲ್ಲ, ಬಿಚ್ಚೋಕೆ ಹೆದರಿ ಹಾಗೇ ಇಟ್ಕೊಂಡ್ರೆ ತುಕ್ಕು ಸುಮ್ನೆ ಕೂತಿರುತ್ತಾ ಅಂತ. ನಿಮಗೆ ಭಯ ಆಗಿರೋದು ಬೆಕ್ಕಿನ ಬಗ್ಗೆ ಅಲ್ಲ ರೀ, ನಿಮ್ಮ ಬಗ್ಗೇನೇ."

ಬೆಕ್ಕು ಹಿಂಗಾಲೆತ್ತಿ ಕಿವಿ ಕೆರೆದುಕೊಳ್ಳಲು ಹೋಗಿ, ನೋವಿಗೆ ಅರ್ಧಕ್ಕೇ ನಿಲ್ಲಿಸಿ, ಕಾಲನ್ನು ಗಾಳಿಯಲ್ಲೇ ಹಿಡಿದುಕೊಂಡಿತು. ಅದನ್ನು ನೋಡಿ ಅವನು ಫೋನು ಕೈಗೆತ್ತಿಕೊಂಡ.

ಆಪರೇಷನ್ ಆಗಿ ಸುಣ್ಣ ಎದ್ದಿತು. ತಡವಾಗಿ ಎದ್ದಿತು, ಅಷ್ಟರಲ್ಲಿ ಗಂಡಹೆಂಡತಿಯ ಜೀವ ಬಾಯಿಗೆ ಬಂದಿತ್ತು. ಹೊಲಿಗೆ ಬಿಚ್ಚಿದ ದಿನ, ಕೆರೆದುಕೊಳ್ಳದಿರಲಿ ಎಂದು ಕಟ್ಟಿದ್ದ ಕೊರಳ ಪಟ್ಟಿಯನ್ನೂ ತೆಗೆದರು. ನುಣ್ಣನೆಯ ದುಂಡು ತಲೆ, ಎರಡು ಕಣ್ಣು, ಅಷ್ಟೇ. ಹೆಂಡತಿ ಗೂಬೆಮರಿ ಎಂದು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನಿಗೆ ನಗು ಬರಲಿಲ್ಲ. ತಲೆ ಸವರಲು ಹೋದ ಕೈ, ಕಿವಿ ಇರಬೇಕಾದಲ್ಲಿ ಏನೂ ಸಿಗದೆ ಬೆಚ್ಚಿ ಹಿಂದೆ ಬಂತು.

ಅಷ್ಟು ಹೊತ್ತಿಗೆ ಅವನು ಮೇಜನ್ನು ಒಳಗೋಡೆಗೆ ಎಳೆದು ಹಾಕಿದ್ದ. ಕಿಟಕಿಯ ಬಾಗಿಲು ಮುಚ್ಚಿತ್ತು. ಹಗಲಲ್ಲೂ ದೀಪ ಹಾಕಿಕೊಂಡು ಕೆಲಸ. ಬಂದ ಗಿರಾಕಿಗಳು ಅಂಗಡಿ ಮುಚ್ಚಿದೆಯೇನೋ ಎಂದು ಹೊರಗೇ ಅನುಮಾನಿಸುತ್ತಿದ್ದರು. ಸುಣ್ಣ ಅಂಗಡಿಯೆಲ್ಲ ಸುತ್ತಿತು. ಮೇಜಿದ್ದ ಜಾಗ ಮೂಸಿತು. ಹಳೆಯ ಕಿಟಕಿ, ಬಾಗಿಲ ಎರಡು ಹಲಗೆ ಕೂಡುವಲ್ಲಿ ಬೆರಳಗಲದ ಸಂದು. ಅಲ್ಲಿಂದ ನೆಲಕ್ಕೆ ಒಂದು ಕೋಲುಬಿಸಿಲು ಬಿದ್ದಿತ್ತು. ಬೆಕ್ಕು ಹುಡುಕಿಕೊಂಡು ಹೋಗಿ ಸರಿಯಾಗಿ ಅದರಲ್ಲೇ ಕೂತು, ತಲೆಯೆತ್ತಿ ಕಣ್ಣು ಮುಚ್ಚಿತು.

ಅವನು ಬಿಚ್ಚಿದ್ದ ಗಡಿಯಾರವನ್ನು ಹಾಗೇ ಬಿಟ್ಟು ಎದ್ದ. ಮಂಡಿ ಹಿಡಿದುಕೊಂಡು ಬೆಕ್ಕಿನ ಪಕ್ಕ ನೆಲದ ಮೇಲೆ ಕೂತು, ಅದರ ತಲೆಯ ಮೇಲೆ, ತಾಗದ ಹಾಗೆ, ಅಂಗೈಯನ್ನು ಅಡ್ಡ ಹಿಡಿದ.

"ರೀ, ಗಿರಾಕಿ ಬಂದಿದ್ದಾರೆ" ಎಂದಳು ಹೆಂಡತಿ. ಆಮೇಲೆ ಇತ್ತ ತಿರುಗಿ ನೋಡಿ, ಸ್ವಲ್ಪ ಕೂತಿರಿ ಎಂದು ಬಂದವರಿಗೆ ಸ್ಟೂಲು ಕೊಟ್ಟಳು.

ಬೆಕ್ಕು ಗುರುಗುಟ್ಟತೊಡಗಿತು. ಬಿಸಿಲು ಕೊಂಚ ಸರಿಯಿತು. ಅವನು ಅಂಗೈಯನ್ನೂ ಕೊಂಚ ಸರಿಸಿದ.