ದೋಣಿ ಕಾಯುವವಳು

“ಈ ಸಲ ನೀನೇ ಹೋಗು,” ಎಂದ ಕ್ಯಾಪ್ಟನ್, ಬಲಮಂಡಿಗೆ ಮುಲಾಮು ತಿಕ್ಕುತ್ತ. ಅರ್ಧ ರಾಜ್ಯ ಬರೆದುಕೊಡುವವನ ಗತ್ತು ಆ ಮಾತಿನಲ್ಲಿತ್ತು. “ಕೊನೇ ದ್ವೀಪ. ಹೋಗಿ ಬೆಟ್ಟ ನೋಡ್ಕೊಂಡು ಬಾ. ದೋಣಿ ನಾನು ಕಾಯ್ತೀನಿ.”

ಹರಿದ ಹಾಯಿಗೆ ತೇಪೆ ಹಾಕುತ್ತಿದ್ದ ಹೆಂಡತಿಯ ಸೂಜಿ ಅಲ್ಲೇ ನಿಂತಿತು. ಅವಳು ಮುಖವೆತ್ತಿ ದಡದ ಕಡೆ ನೋಡಿದಳು. ಕಪ್ಪು ಮರಳು, ಅದರ ಹಿಂದೆ ಕುರುಚಲು ಗಿಡ, ಅದರ ಹಿಂದೆ ತಲೆಯ ಮೇಲೊಂದಿಷ್ಟು ಹೊಗೆ ಇಟ್ಟುಕೊಂಡು ಕೂತ ಬೋಳು ಜ್ವಾಲಾಮುಖಿ.

“ಇಬ್ರೂ ಹೋಗೋಣ್ವಾ? ನಿಧಾನಕ್ಕೆ. ನಿಮ್ಮ ಕೈಲಿ ಆದಷ್ಟು ದೂರ.”

“ಶುರುವಾಯ್ತಾ? ನಾಳೆ ಸಂಜೆ ಈ ದೋಣಿ ಕೊಂಡ್ಕೊಳ್ಳೋನು ಬಂದರಿನಲ್ಲಿ ನಿಂತಿರ್ತಾನೆ. ಇವತ್ತು ಲಂಗರು ಜಾರಿ ಬಂಡೆಗೆ ಹೊಡೆದ್ರೆ ಅವನಿಗೆ ಏನು ಕೊಡ್ತೀಯ, ಹಲಗೆ ಚೂರಾ?”

ಅಲ್ಲಿಗೆ ಮಾತು ಮುಗಿಯಿತು. ಆ ದೋಣಿಯಲ್ಲಿ ಮಾತು ಮುಗಿಯುತ್ತಿದ್ದುದೇ ಹಾಗೆ.

ಕ್ಯಾಪ್ಟನ್ ಅನ್ನುವ ಬಿರುದನ್ನು ಯಾರೂ ಅವನಿಗೆ ಕೊಟ್ಟದ್ದಲ್ಲ, ತಾನೇ ಮುಡಿದುಕೊಂಡದ್ದು. ರಸ್ತೆ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವನು. ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಯಾರೋ ಬೇಡವೆಂದು ಬಿಟ್ಟ ಹಾಯಿದೋಣಿಯೊಂದನ್ನು ಕೊಂಡ. ಅವಳು ಟೈಲರಿಂಗ್ ಅಂಗಡಿ ಮುಚ್ಚಿ ಜೊತೆಗೆ ಬಂದಳು. ಬಂದರುಗಳಲ್ಲಿ ಎಲ್ಲರ ಹರಿದ ಹಾಯಿಗಳೂ ಅವಳ ಮಡಿಲಿಗೇ ಬರುತ್ತಿದ್ದರಿಂದ ಅವಳಿಗೆ ಟೈಲರಮ್ಮ ಎಂಬ ಹೆಸರು ಬಿತ್ತು. ಅದು ಮಾತ್ರ ದುಡಿದು ಸಂಪಾದಿಸಿದ ಹೆಸರು.

ಮೊದಲ ದಿನವೇ ಅವನು ಒಂದು ಕಾನೂನು ಹೇಳಿಬಿಟ್ಟಿದ್ದ: ಲಂಗರನ್ನು ನಂಬಬಾರದು, ದೋಣಿ ಕಾಯಲು ಒಬ್ಬರು ಇರಲೇಬೇಕು. ಯಾರೋ ಗಂಡ ಹೆಂಡತಿ ಇಬ್ಬರೂ ದಡಕ್ಕಿಳಿದು, ತಿರುಗಿ ನೋಡುವಷ್ಟರಲ್ಲಿ ದೋಣಿ ಸಮುದ್ರದ ಪಾಲಾಗಿದ್ದ ಕತೆಯನ್ನೂ ಹೇಳಿದ್ದ. ಅವಳಿಗೆ ಸಮುದ್ರ ಹೊಸದು. ಬಟ್ಟೆಯ ವಿಷಯದಲ್ಲಾಗಿದ್ದರೆ ಅವನ ಮಾತನ್ನು ಒಪ್ಪುತ್ತಿರಲಿಲ್ಲ, ಲಂಗರಿನ ವಿಷಯ ಅವಳಿಗೇನು ಗೊತ್ತು? ಹಾಗಾಗಿ ಪ್ರತಿ ದ್ವೀಪದಲ್ಲೂ ಅವನು ಟೋಪಿ ಹಾಕಿಕೊಂಡು, ಇದ್ದ ಒಂದೇ ರಬ್ಬರ್ ದೋಣಿಯಲ್ಲಿ ಹುಟ್ಟು ಹಾಕುತ್ತ ದಡಕ್ಕೆ ಹೋಗುತ್ತಿದ್ದ. ಅವಳು ದಡದ ಬಂಡೆಯೊಂದನ್ನೂ ಅದರ ಹಿಂದಿನ ಮರವೊಂದನ್ನೂ ಗುರುತಿಟ್ಟುಕೊಂಡು, ಅವೆರಡೂ ಒಂದರಿಂದೊಂದು ಸರಿಯುತ್ತವೆಯೇ ಎಂದು ಇಡೀ ದಿನ ನೋಡುತ್ತಿದ್ದಳು. ಸ್ನಾನಕ್ಕೆ ಹೋದರೂ ತಲೆ ಒರೆಸಿಕೊಳ್ಳುತ್ತ ಓಡಿಬಂದು ನೋಡುತ್ತಿದ್ದಳು.

ಸಂಜೆ ಅವನು ಬಂದು ಕಂಡದ್ದನ್ನೆಲ್ಲ ಹೇಳುತ್ತಿದ್ದ. ಸುಳ್ಳೇಕೆ, ಚೆನ್ನಾಗಿಯೇ ಹೇಳುತ್ತಿದ್ದ. ಕಲ್ಲಿನ ಸಂದಿಯಲ್ಲಿ ಬಿಸಿನೀರು, ಮೋಡದೊಳಗಿನ ಕಾಡು, ಮನುಷ್ಯರಿಗೆ ಹೆದರದ ಹಕ್ಕಿ. ಊರಿಗೆ ಹೋದಾಗ ಅವಳು ತಂಗಿಯ ಮುಂದೆ ಅದನ್ನೇ ತಾನು ಕಂಡಂತೆ ಹೇಳಿಕೊಂಡು ಬಂದಿದ್ದಳು.

ಈಗ ನಿಜವಾಗಿಯೇ ಹೊರಟಳು. ರಬ್ಬರ್ ದೋಣಿಯನ್ನು ಮರಳಿನ ಮೇಲೆಳೆದು ಕಲ್ಲಿಗೆ ಕಟ್ಟಿ, ಗಂಟನ್ನು ಮತ್ತೆ ಮತ್ತೆ ಜಗ್ಗಿ ನೋಡಿ ಹತ್ತತೊಡಗಿದಳು. ಮೊದಮೊದಲು ಹಳದಿ ಹೂವಿನ ಪೊದೆಗಳಿದ್ದವು, ಆಮೇಲೆ ಕುಲುಮೆಯಿಂದ ತೆಗೆದೆಸೆದ ಕಿಟ್ಟದಂಥ ಕಲ್ಲು ಮಾತ್ರ. ಮುಂದಕ್ಕಿಟ್ಟ ಕಾಲು ಅರ್ಧ ಹಿಂದಕ್ಕೇ ಜಾರುತ್ತಿತ್ತು. ಬೆವರು ಸುರಿದು ಸೀರೆ ಉಡುತ್ತಿದ್ದ ಕಾಲದ ನೆನಪಾಗಿ, ಪ್ಯಾಂಟು ತೊಟ್ಟದ್ದೇ ಪುಣ್ಯ ಎಂದುಕೊಂಡಳು. ಸುಟ್ಟ ಕಲ್ಲಿನ ಬಿರುಕಿನಲ್ಲಿ ಬೆರಳುದ್ದದ ಜರಿಗಿಡವೊಂದು ಹಸಿರಾಗಿ ನಿಂತಿತ್ತು. ಇದನ್ನು ಅವನು ಯಾವತ್ತೂ ಹೇಳಿರಲಿಲ್ಲ, ಇದು ತನ್ನದು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಕೂತು ಒಬ್ಬಳೇ ನಕ್ಕಳು.

ತುದಿ ತಲುಪಿದಾಗ ಗಂಧಕದ ವಾಸನೆ ಗಂಟಲಿಗೆ ಬಡಿಯಿತು. ಬಾಯಿ ತೆರೆದ ಗುಂಡಿಯ ಅಂಚಿನಲ್ಲಿ ಇಬ್ಬರು ಬಂಡೆಗೊರಗಿ ಬ್ರೆಡ್ಡು ತಿನ್ನುತ್ತಿದ್ದರು. ಕೆಳಗೆ ತಮ್ಮ ದೋಣಿಯ ಪಕ್ಕದಲ್ಲೇ ಲಂಗರು ಹಾಕಿದ್ದ ನೀಲಿ ದೋಣಿಯ ದಂತವೈದ್ಯ ಮತ್ತು ಅವನ ಹೆಂಡತಿ. ಹಿಂದಿನ ಬಂದರಿನಲ್ಲಿ ಅವರ ಹಾಯಿಯನ್ನೂ ಇವಳೇ ಹೊಲಿದುಕೊಟ್ಟಿದ್ದಳು.

“ಅರೆ, ಟೈಲರಮ್ಮ! ಬನ್ನಿ ಅಕ್ಕಾ, ಕೂತ್ಕೊಳ್ಳಿ,” ಎಂದಳು ವೈದ್ಯನ ಹೆಂಡತಿ, ಜಾಗ ಮಾಡಿಕೊಡುತ್ತ.

ಇವಳಿಗೆ ಮೊದಲು ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. “ನಿಮ್ಮ ದೋಣೀಲಿ ಯಾರಿದ್ದಾರೆ?”

“ಯಾರಿರ್ತಾರೆ? ನಾವಿಬ್ರೂ ಇಲ್ಲೇ ಇದ್ದೀವಲ್ಲ.”

“ಮತ್ತೆ ಲಂಗರು?”

ದಂತವೈದ್ಯ ಬ್ರೆಡ್ಡು ನುಂಗಿಕೊಂಡ. “ಹಾಕಿದ ಮೇಲೆ ದೋಣೀನ ಹಿಂದಕ್ಕೆ ಎಳೆದು ನೋಡ್ತೀವಿ. ಲಂಗರು ತಳಕ್ಕೆ ಕಚ್ಚಿಕೊಂಡಿದ್ರೆ ಮುಗೀತು. ಗಾಳಿ ಜೋರಿದ್ರೆ ಯಾರೂ ಇಳಿಯೋಲ್ಲ. ಇಂಥ ದಿನ ಎಲ್ರೂ ಬಿಟ್ಟೇ ಹೋಗ್ತಾರೆ ಅಮ್ಮ, ಲಂಗರು ಇರೋದೇ ಅದಕ್ಕೆ. ಅಲ್ಲ, ನಿಮ್ಮೋರಿಗೆ ಇದು ಗೊತ್ತಿಲ್ದೆ ಇರುತ್ತಾ? ನಮಗೆ ಹಾಗೆ ಎಳೆದು ನೋಡೋದು ಹೇಳಿಕೊಟ್ಟಿದ್ದೇ ಅವರು.”

ವೈದ್ಯನ ಹೆಂಡತಿ ಗಂಡನ ತೋಳು ಮುಟ್ಟಿದಳು. ಅವನಿಗೆ ಅದು ತಿಳಿಯಲಿಲ್ಲ.

“ನಾವು ಕೇಳಿದ್ವಿ, ಅಮ್ಮ ಯಾಕೆ ಬರೋಲ್ಲ ಅಂತ. ಅವಳಿಗೆ ಬೆಟ್ಟ ಅಂದ್ರೆ ಆಗೋಲ್ಲ, ದೋಣೀಲಿ ಕೂತು ಹೊಲೀತಿದ್ರೇ ಅವಳಿಗೆ ಸ್ವರ್ಗ ಅಂದ್ರು. ಇವತ್ತು ನೋಡಿದ್ರೆ ನೀವು ನಮ್ಮಷ್ಟೇ ಚೆನ್ನಾಗಿ ಹತ್ತಿದ್ದೀರಿ.”

“ಬ್ರೆಡ್ಡು ತಗೊಳ್ಳಿ ಅಕ್ಕಾ,” ಎಂದಳು ಅವನ ಹೆಂಡತಿ ಮೆಲ್ಲಗೆ.

ತೆಗೆದುಕೊಂಡಳು, ತಿಂದಳು. ಕೆಳಗಿನ ಗುಂಡಿಯ ಗೋಡೆಗಳು ಕೆಂಪು, ಅರಿಶಿನ, ಸುಣ್ಣದ ಬಣ್ಣಗಳಲ್ಲಿ ಇಳಿದಿದ್ದವು. ಆಚೆಗೆ ಸಮುದ್ರ, ಸಮುದ್ರದ ಮೇಲೆ ಸಾಲಾಗಿ ಅವರು ದಾಟಿ ಬಂದ ದ್ವೀಪಗಳು. ಎಲ್ಲವನ್ನೂ ಅವಳು ಗುರುತು ಹಿಡಿದಳು, ಎಲ್ಲವನ್ನೂ ಅವಳು ಕಂಡದ್ದು ದೋಣಿಯಲ್ಲಿ ಕೂತೇ. ಅವರಿಬ್ಬರ ಜೊತೆ ಇಳಿಯಲು ಮನಸ್ಸಾಗದೆ, ಸ್ವಲ್ಪ ಕೂತು ಬರುತ್ತೇನೆಂದು ಹಿಂದೆ ಉಳಿದಳು.

ಅವಳು ದೋಣಿಗೆ ಹತ್ತುವಾಗ ಕ್ಯಾಪ್ಟನ್ ಟೀ ಮಾಡಿಟ್ಟಿದ್ದ. ಬೇರೆ ದಿನವಾಗಿದ್ದರೆ ಅದೇ ಒಂದು ಸುದ್ದಿ.

“ಹೇಗಿತ್ತು? ಹೇಳು, ಹೇಳು.”

“ಲಂಗರು ಕಚ್ಚಿಕೊಂಡಿದ್ರೆ ಇಬ್ರೂ ಇಳೀಬಹುದಂತೆ.”

“ಯಾವನು ಹೇಳಿದ್ದು?”

“ಹಲ್ಲಿನ ಡಾಕ್ಟ್ರು. ನೀವೇ ಅವರಿಗೆ ಹೇಳಿಕೊಟ್ಟಿದ್ದಂತೆ.”

ಅವನು ಗ್ಯಾಸಿನ ಒಲೆ ಆರಿಸಿದ, ಆರಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದ. “ಹಲ್ಲು ಕೀಳೋನಿಗೆ ಸಮುದ್ರ ಏನು ಗೊತ್ತು,” ಎಂದ. ಅವಳು ಜಗಳವಾಡಿದ್ದರೆ ಅವನು ಗೆಲ್ಲುತ್ತಿದ್ದ, ಆ ವಿದ್ಯೆ ಅವನಿಗೆ ಕರಗತ. ಸುಮ್ಮನೆ ನೋಡುತ್ತ ಕೂತದ್ದಕ್ಕೆ ಅವನ ಬಳಿ ಮದ್ದಿರಲಿಲ್ಲ.

“ಏನು ಮಾಡ್ಲಿ ಕಣೇ,” ಎಂದ ಕೊನೆಗೆ. “ಇಷ್ಟಗಲ ಗೂಡು. ಮಲಗಿದ್ರೂ ನೀನು, ಎದ್ರೂ ನೀನು. ಕೆಮ್ಮಿದ್ರೆ ಯಾಕೆ ಕೆಮ್ಮಿದ್ರಿ ಅಂತೀಯ. ಒಂದಿಷ್ಟು ಹೊತ್ತು ಒಬ್ಬನೇ ಇರಬೇಕು ಅನ್ನಿಸ್ತಿತ್ತು. ಅದೇನು ಕೊಲೆಯಾ?”

“ಹಾಗಂತ ಹೇಳಬಹುದಿತ್ತು.”

“ಹೇಳಿದ್ರೆ ಬಿಡ್ತಿದ್ಯಾ? ಅಳ್ತಿದ್ದೆ.” ಅವನ ದನಿ ಸ್ವಲ್ಪ ಮೆತ್ತಗಾಯಿತು. “ನೀನೂ ಒಬ್ಳೇ ಇದ್ದೆಯಲ್ಲ, ಇಲ್ಲಿ. ಆರಾಮಾಗಿ.”

“ನಾನೆಲ್ಲಿ ಒಬ್ಳೇ ಇದ್ದೆ? ನಾನು ಕಾಯ್ತಾ ಇದ್ದೆ.”

“ಅದೇ ಮತ್ತೆ, ದೋಣಿ ಕಾಯ್ತಿದ್ದೆ.”

“ದೋಣಿಗೇನಾಗಿತ್ತು? ಅದು ಕಚ್ಚಿಕೊಂಡು ನಿಂತಿತ್ತು. ನಿಮ್ಮನ್ನ ಕಾಯ್ತಿದ್ದೆ ನಾನು. ಎರಡಕ್ಕೂ ಒಂದೇ ಮಾತು ನೋಡಿ, ಹಾಗಾಗಿ ನಂಗೆ ತಿಳೀಲಿಲ್ಲ.”

ಟೀ ಆರಿತು. ಅವನು ಅದನ್ನು ನೀರಿಗೆ ಚೆಲ್ಲಿ, “ನಾಳೆ ಬೆಳಿಗ್ಗೆ ಇಬ್ರೂ ಹೋಗೋಣ. ಬೇಗ ಹೋಗಿ ಬಂದು ಆಮೇಲೆ ಹಾಯಿ ಎತ್ತಿದ್ರಾಯ್ತು,” ಎಂದ. ಅವನಿಗೆ ಅದು ತಪ್ಪೊಪ್ಪಿಗೆಯೇ ಇರಬೇಕು. ಅವಳಿಗೆ ಮಾತ್ರ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬೇಡಿಕೊಂಡದ್ದನ್ನು ಸಿಕ್ಕಿಬಿದ್ದ ಮೇಲೆ ಕೊಡುತ್ತಾನೆ, ಅದೂ ಬೇಗ ಮುಗಿಸುವ ಲೆಕ್ಕದಲ್ಲಿ.

ಬೆಳಿಗ್ಗೆ ಅವನು ಮಂಡಿಗೆ ಪಟ್ಟಿ ಸುತ್ತಿಕೊಂಡು, ಟೋಪಿ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳು ರಬ್ಬರ್ ದೋಣಿಯಲ್ಲಿ ಕೂತು ಹಗ್ಗ ಬಿಚ್ಚಿಯಾಗಿತ್ತು.

“ಏಯ್, ನಿಲ್ಲು. ನಾನು ಬಂದೆ.”

“ನೀವು ಇರಿ,” ಎಂದು ಹುಟ್ಟು ಹಾಕಿದಳು. ಅವನು ಏನೇನೋ ಕೂಗಿದ. ಗಾಳಿ ತಪ್ಪಿದರೆ ಬಂದರು ಸೇರುವುದು ಹೇಗೆ, ಅಲ್ಲಿ ಕಾದವನಿಗೆ ಏನು ಹೇಳುವುದು ಎಂದೆಲ್ಲ. ದಡಕ್ಕೆ ಹೋಗಲು ಇದ್ದದ್ದು ಅದೊಂದೇ ರಬ್ಬರ್ ದೋಣಿ ಎಂಬುದು ಅವನಿಗೆ ಆವತ್ತು ಮೊದಲ ಸಲ ಗೊತ್ತಾಗಿರಬೇಕು.

ಅವಳು ತುದಿಯ ದಾರಿ ಹಿಡಿಯಲಿಲ್ಲ. ಬೆಟ್ಟದ ಬೆನ್ನಿನ ಏಣನ್ನು ದಾಟಿ ದ್ವೀಪದ ಇನ್ನೊಂದು ಮಗ್ಗುಲಿಗೆ ಇಳಿದಳು. ಅಲ್ಲಿಂದ ಕೊಲ್ಲಿ ಕಾಣುತ್ತಿರಲಿಲ್ಲ, ಅವನ ಕೂಗೂ ಕೇಳುತ್ತಿರಲಿಲ್ಲ. ಕಪ್ಪು ಕಲ್ಲಿನ ನಡುವೆ ಹಸಿರು ಹುಲ್ಲಿನ ಪಟ್ಟಿ, ಒಳಗಿನ ಕಾವಿಗೆ ಬೆಚ್ಚಗಿನ ನೆಲ. ಬೂಟು ಬಿಚ್ಚಿ ಕಾಲು ಚಾಚಿದಳು. ಬೂದುಬಣ್ಣದ ಹಕ್ಕಿಯೊಂದು ಬಂದು, ಇವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಕಾಲ ಬೆರಳ ಹತ್ತಿರವೇ ಹುಳ ಹೆಕ್ಕತೊಡಗಿತು. ಇಡೀ ದಿನ ಇಲ್ಲೇ ಇರುತ್ತೇನೆ ಎಂದುಕೊಂಡಳು.

ಅಷ್ಟರಲ್ಲಿ ಗಾಳಿ ಕೊಂಚ ಬೀಸಿತು. ಅವಳು ಬೂಟು ಹಾಕಿಕೊಳ್ಳದೆಯೇ ಏಣಿನವರೆಗೆ ಹತ್ತಿ ಹೋಗಿ ನೋಡಿದಳು. ದೋಣಿ ಇದ್ದಲ್ಲೇ ಇತ್ತು. ಇಳಿದು ಬಂದು ಕೂತಳು. ಮತ್ತೆ ಹುಲ್ಲು ಅಲುಗಿತು, ಮತ್ತೆ ಎದ್ದಳು. ಮೂರನೆಯ ಸಲ ಹತ್ತುವಾಗ ಅಂಗಾಲು ಕೊಯ್ದು ರಕ್ತ ಬರುತ್ತಿರುವುದನ್ನು ಕಂಡು ಅವಳಿಗೆ ತನ್ನ ಮೇಲೇ ಅಸಹ್ಯವಾಗಿ ಅಳು ಬಂತು. ಹಕ್ಕಿ ಆಗಲೇ ಹಾರಿಹೋಗಿತ್ತು.

ಏಣಿನ ಮೇಲಿಂದ ನೋಡಿದರೆ, ಕೆಳಗೆ ನೀಲಿ ದೋಣಿ ಯಾರೂ ಇಲ್ಲದೆ ನಿಶ್ಚಿಂತೆಯಿಂದ ತೂಗುತ್ತಿತ್ತು. ಅದರ ಪಕ್ಕದಲ್ಲಿ ಇವರದು. ಕ್ಯಾಪ್ಟನ್ ಚುಕ್ಕಾಣಿಯ ಬಳಿ ಟೋಪಿ ಮುಖದ ಮೇಲೆಳೆದುಕೊಂಡು, ಕೈಕಾಲು ಚೆಲ್ಲಿ ನಿದ್ದೆ ಹೋಗಿದ್ದ. ಅವಳು ಸುಡುವ ಅಂಗಾಲನ್ನು ಒತ್ತಿ ಹಿಡಿದುಕೊಂಡು, ದೋಣಿ ಕಾಣುವ ಕಡೆಗೇ ಮುಖ ಮಾಡಿ ಕೂತಳು.