ಹುತ್ತದ ಅಣಬೆ

"ಕೈ ಬಿಡ್ರಿ ಯವ್ವಾ, ಪಲ್ಯ ಚೆಲ್ತೈತಿ," ಎಂದು ಹನುಮವ್ವ ನಕ್ಕಳು. ಚಿಕ್ಕಮುನಿಯಮ್ಮ ಮಾತ್ರ ಅವಳ ಮಣಿಕಟ್ಟನ್ನು ಬಿಡಲಿಲ್ಲ. ರೊಟ್ಟಿಯ ತುತ್ತು ಬಾಯಿಗೆ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತ್ತು.

"ಎಲ್ ಕಿತ್ತಿದ್ದು ಈ ಅಣಬೇನ?"

"ಇಲ್ಲೇ, ಮೂರನೇ ಬಿಲ್ಡಿಂಗಿನ ಮುಂದ, ಹುಲ್ಲಿನಾಗ. ನಿನ್ನೆ ಸಂಜೀಕ ಬೆಳ್ಳಗ ಎದ್ದು ನಿಂತಿದ್ವು. ನಿಮಗೂ ಅಂತ ತಂದೀನಿ, ಉಣ್ರಿ."

ಎಲೆಕ್ಟ್ರಾನಿಕ್ ಸಿಟಿಯ ಆ ಕಂಪನಿಯ ತೋಟದ ಕೆಲಸಕ್ಕೆ ಹನುಮವ್ವ ಸೇರಿ ಐದು ತಿಂಗಳಾಗಿತ್ತು. ಸುರಪುರದ ಕಡೆಯಿಂದ ಗಂಡನ ಜೊತೆ ಬಂದವಳಿಗೆ ಇಲ್ಲಿ ಮೊದಲು ಮಾತಾಡಿಸಿದವಳು ಈ ಮುದುಕಿಯೇ. ಕುಡುಗೋಲು ಹಿಡಿಯುವ ಬಗೆ, ಸೂಪರ್‌ವೈಸರ್ ಕಣ್ಣು ತಪ್ಪಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಜಾಗ, ಎಲ್ಲ ತೋರಿಸಿಕೊಟ್ಟಿದ್ದಳು. ಅದಕ್ಕೆ ಬದಲಾಗಿ ಏನಾದರೂ ಕೊಡಬೇಕೆಂದು ಹನುಮವ್ವನಿಗೆ ಬಹಳ ದಿನದಿಂದ ಆಸೆ. ನಿನ್ನೆ ಮಳೆ ನಿಂತ ಮೇಲೆ ಹುಲ್ಲಿನಲ್ಲಿ ಅಣಬೆ ಕಂಡಾಗ, ಊರಲ್ಲಿ ಅಜ್ಜಿ ಸೆರಗು ತುಂಬ ತರುತ್ತಿದ್ದುದು ನೆನಪಾಗಿ ಅವಳಿಗೆ ಕಣ್ಣು ತುಂಬಿ ಬಂದಿತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಉಳ್ಳಾಗಡ್ಡಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದ್ದಳು. ನಲ್ಲಿ ನೀರು ಹಿಡಿಯುವ ಗಡಿಬಿಡಿಯಲ್ಲಿ ಉಪ್ಪು ಸಹ ನೋಡಿರಲಿಲ್ಲ.

ಚಿಕ್ಕಮುನಿಯಮ್ಮ ಡಬ್ಬಿಯನ್ನು ಕಿತ್ತುಕೊಂಡು ಮುಚ್ಚಿದಳು. ಹನುಮವ್ವನಿಗೆ ಅವಮಾನವಾದಂತಾಯಿತು. "ನಿಮಗ ಬ್ಯಾಡಾದ್ರ ಬಿಡ್ರಿ. ನನ್ನ ಬುತ್ತಿ ಯಾಕ ಕಸ್ಕೋತೀರಿ?"

"ಎದ್ ಬಾ ಇತ್ಲಾಗೆ."

ಮುದುಕಿ ಅವಳನ್ನು ಎಳೆದುಕೊಂಡೇ ಮೂರನೇ ಕಟ್ಟಡದ ಮುಂದೆ ಹೋದಳು. ನಿನ್ನೆ ಮೊಗ್ಗಿನಂತಿದ್ದು ಹನುಮವ್ವ ಬಿಟ್ಟುಹೋಗಿದ್ದ ಎರಡು ಅಣಬೆ ಈಗ ತಟ್ಟೆಯಗಲ ಅರಳಿ ನಿಂತಿದ್ದವು. ಚಿಕ್ಕಮುನಿಯಮ್ಮ ಒಂದನ್ನು ಕಿತ್ತು ಮಗುಚಿ ಹಿಡಿದಳು. ಕೊಡೆಯ ಕೆಳಗಿನ ಪದರಗಳು ಪಾಚಿ ಕಟ್ಟಿದ ತೊಟ್ಟಿಯಂತೆ ಹಸಿರಾಗಿದ್ದವು.

"ಅಸ್ರು ನೋಡ್ದಾ? ನಿಮ್ಮೂರಾಗೆ ಇಂಗಿತ್ತಾ?"

ಇರಲಿಲ್ಲ.

"ನಾನೂ ಒಂದ್ಸಲ ಇಂಥದ್ನೇ ತಿಂದು ಮೂರು ದಿನ ಬಿದ್ದು ಒದ್ದಾಡಿವ್ನಿ. ಜೀವ ಒಂದು ಉಳೀತು. ನೀನು ಬಾಯ್ಗಿಕ್ಕಿಲ್ಲ ತಾನೆ? ಸದ್ಯ... ಅಮ್ಮಣ್ಣಿ, ಯಾಕಂಗೆ ನೋಡ್ತೀಯಾ?"

"ನಮ್ಮಾರಿಗಿ ಡಬ್ಬಿ ಕಟ್ಟಿ ಕಳಿಸೀನಿ ಯವ್ವಾ."

ಅವಳ ಗಂಡ ಗಂಗಪ್ಪ ಬೇಗೂರಿನ ಹತ್ತಿರ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಕಬ್ಬಿಣದ ಸರಳು ಕಟ್ಟುವ ಕೆಲಸ ಮಾಡುತ್ತಿದ್ದ. ಮೊಬೈಲನ್ನು ಅಂಗಿಯ ಜೇಬಿನಲ್ಲಿಟ್ಟು, ಅಂಗಿಯನ್ನು ಕೆಳಗೆ ನೇತುಹಾಕಿ ಮೇಲೆ ಹತ್ತುವವನು. ಹನುಮವ್ವ ನಾಲ್ಕು ಸಲ ಫೋನು ಮಾಡಿದಳು. ನಾಲ್ಕು ಸಲವೂ ರಿಂಗಾಗಿ ನಿಂತಿತು. ಆಗ ಗಂಟೆ ಒಂದಾಗುತ್ತಿತ್ತು. ಅವನು ಊಟಕ್ಕೆ ಇಳಿಯುವುದು ಒಂದಕ್ಕೇ.

ಗೇಟಿನ ಹತ್ತಿರ ಸೂಪರ್‌ವೈಸರ್ ಪ್ರಸನ್ನ ಅಡ್ಡ ಬಂದ. "ಲಂಚ್ ಟೈಮಲ್ಲಿ ಎಲ್ಲಿಗಮ್ಮ? ಔಟ್‌ಪಾಸ್ ಎಲ್ಲಿ?" ಚಿಕ್ಕಮುನಿಯಮ್ಮ ಕೈಯಲ್ಲಿದ್ದ ಹಸಿರು ಅಣಬೆಯನ್ನು ಅವನ ಮುಖದ ಮುಂದೆ ಹಿಡಿದು ಎರಡೇ ಮಾತಿನಲ್ಲಿ ಹೇಳಿದಳು. ದಿನಕ್ಕೆ ನೂರು ಸಲ ರೇಗುವ ಹುಡುಗ ಬೈಕಿನತ್ತ ಓಡಿದ. "ಹತ್ರಮ್ಮ, ಬೇಗ ಹತ್ರಿ. ಅಜ್ಜೀ, ನೀನೂನಾ?"

"ನಾನಿಲ್ದೆ ಡಾಕ್ಟ್ರಿಗೆ ಏಳೋರು ಯಾರು? ಒಸಿ ಮುಂದ್ಕೆ ಸರ್ಕೊ."

ಒಂದು ಬೈಕಿನಲ್ಲಿ ಮೂವರು. ಹೊಸೂರು ರಸ್ತೆಯ ಲಾರಿಗಳ ನಡುವೆ ಪ್ರಸನ್ನ ನುಗ್ಗಿಸುತ್ತ ಹೋದ. ಹನುಮವ್ವನ ಬೆನ್ನಿಗೆ ಮುದುಕಿ ಅಂಟಿಕೊಂಡಿದ್ದಳು. ಒಂದು ಕೈ ಸೊಂಟ ಬಳಸಿತ್ತು, ಇನ್ನೊಂದು ಕೈ ಸೆರಗಿನ ತುದಿಗೆ ಗಂಟು ಕಟ್ಟಿದ್ದ ಅಣಬೆಯನ್ನು ಹಿಡಿದಿತ್ತು. ಹನುಮವ್ವ ದಾರಿಯುದ್ದಕ್ಕೂ ಯಲ್ಲಮ್ಮನನ್ನು ಕರೆದಳು. ನಾನೇ ಕೈಯಾರೆ ಕಟ್ಟಿಕೊಟ್ಟೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅವರು ತಲುಪಿದಾಗ ಗಂಗಪ್ಪ ಸಿಮೆಂಟ್ ಚೀಲದ ಮೇಲೆ ಕೂತು ಡಬ್ಬಿ ತೊಳೆಯುತ್ತಿದ್ದ. ಹೆಂಡತಿಯನ್ನು ಕಂಡು ಅವನ ಮುಖ ಅರಳಿತು. "ನೀ ಯಾಕ ಬಂದಿ? ಇವತ್ತಿನ ಪಲ್ಯ ಭಾಳ ಛಲೋ ಇತ್ತು ನೋಡು. ಯಾರಿಗೂ ಕೊಡಲಿಲ್ಲ, ಒಬ್ಬನ ಉಂಡೆ."

ಹನುಮವ್ವ ಅವನ ರಟ್ಟೆ ಹಿಡಿದು ರಸ್ತೆಯತ್ತ ಎಳೆದಳು.

ಹತ್ತಿರದ ನರ್ಸಿಂಗ್ ಹೋಮಿಗೆ ಅವನನ್ನು ಆಟೋದಲ್ಲಿ ಹಾಕಿಕೊಂಡು ಹೋಗುವಾಗಲೂ ಅವನಿಗೆ ಏನೂ ಆಗಿರಲಿಲ್ಲ. "ಸುಮ್ಮನ ಹೆದರ್ಸಾಕತ್ತೀರಿ," ಎಂದು ನಗುತ್ತಿದ್ದ. ಚೀಟಿ ಬರೆಸುವಷ್ಟರಲ್ಲಿ ಬೆವರಿದ. ಆಮೇಲೆ ಶುರುವಾದ ವಾಂತಿ ಸಂಜೆಯವರೆಗೂ ನಿಲ್ಲಲಿಲ್ಲ. ಚಿಕ್ಕಮುನಿಯಮ್ಮ ಸೆರಗಿನ ಗಂಟು ಬಿಚ್ಚಿ ಡಾಕ್ಟರಮ್ಮನ ಮೇಜಿನ ಮೇಲೆ ಅಣಬೆ ಇಟ್ಟಳು. "ಇದ್ನೇ ತಿಂದಿರೋದು ಮೇಡಂ." ಡಾಕ್ಟರಮ್ಮ ಮಗುಚಿ ನೋಡಿ, ಯಾರಿಗೋ ಫೋನು ಮಾಡಿ, ಡ್ರಿಪ್ ಹಾಕಿಸಿದರು. ಮೂರನೆಯ ದಿನ ಗಂಗಪ್ಪ ಎದ್ದು ಕೂತು ಗಂಜಿ ಕೇಳಿದ. "ಬೇಗ ಕರ್ಕೊಂಡು ಬಂದ್ರಿ, ಏನು ತಿಂದಿದಾರೆ ಅಂತಾನೂ ತಂದು ತೋರಿಸಿದ್ರಿ. ಅದೇ ಒಳ್ಳೇದಾಯ್ತು," ಎಂದರು ಡಾಕ್ಟರಮ್ಮ. ಅಷ್ಟೂ ದಿನ ಮುದುಕಿ ಕೆಲಸ ಮುಗಿಸಿ ನೇರ ಆಸ್ಪತ್ರೆಗೇ ಬರುತ್ತಿದ್ದಳು. ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳು. ಹನುಮವ್ವ ಏನಾದರೂ ಹೇಳಲು ಬಾಯಿ ತೆರೆದರೆ, "ಕುಡಿ, ಆರೋಯ್ತದೆ," ಎನ್ನುತ್ತಿದ್ದಳು.

"ಇನ್ನ ಈ ಜನ್ಮದಾಗ ಅಣಬಿ ಮುಟ್ಟಂಗಿಲ್ಲ," ಎಂದಳು ಹನುಮವ್ವ, ಕೆಲಸಕ್ಕೆ ಮರಳಿದ ದಿನ.

ಚಿಕ್ಕಮುನಿಯಮ್ಮ ಕಳೆ ಕೀಳುತ್ತಲೇ ಇದ್ದಳು. "ಬಾನ್ವಾರ ನನ್ ಜೊತೇಲಿ ಬಾ," ಎಂದಳು.

ಬನ್ನೇರುಘಟ್ಟದ ಕಾಡಂಚಿನಲ್ಲಿ ಅವಳ ಗಂಡನ ಊರು. ಬಸ್ಸಿಳಿದು ರಾಗಿ ಹೊಲದ ಬದುವಿನಲ್ಲಿ ನಡೆದರು. ಕಾಡಿನ ಕಾವಲಿಗೆ ನಿಂತಿದ್ದ ಹನುಮಂತಯ್ಯ ಮುದುಕಿಯನ್ನು ಗುರುತು ಹಿಡಿದು, "ಕೆರೆ ದಾಟಿ ಓಗ್ಬ್ಯಾಡ ಅಕ್ಕಾ, ಆನೆ ಬಂದವೆ," ಎಂದ. ಹಿಂದಿನ ದಿನ ಗುಡುಗು ಮಳೆಯಾಗಿತ್ತು. ಒದ್ದೆ ಎಲೆಗಳ ವಾಸನೆ, ಲಂಟಾನ ಪೊದೆಗಳು, ಅವುಗಳ ಕೆಳಗೆ ಹಂದಿ ಕೆದಕಿದ ಮಣ್ಣು. ಮೊದಲನೆಯ ಹುತ್ತದಲ್ಲಿ ಅಣಬೆ ಇರಲಿಲ್ಲ. ಎರಡನೆಯದರಲ್ಲಿ ಯಾರೋ ಕಿತ್ತೊಯ್ದ ಗುರುತಿತ್ತು. ಹೊತ್ತು ಏರುತ್ತಿತ್ತು. ಹನುಮವ್ವನಿಗೆ ಒಳಗೊಳಗೇ ಸಮಾಧಾನ. ಸಿಗದಿದ್ದರೇ ಚೆನ್ನ ಎನಿಸುತ್ತಿತ್ತು.

"ನಿಂತ್ಕ," ಎಂದಳು ಮುದುಕಿ. "ಇನ್ನೊಂದೆಜ್ಜೆ ಇಕ್ಕಿದ್ರೆ ತುಳೀತೀಯ."

ಹಾಳು ಬಿದ್ದ ಹುತ್ತದ ಸುತ್ತ, ತರಗೆಲೆಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದು ಬಂದಂತೆ, ಬೂದು ಬಿಳುಪಿನ ಚೂಪು ತಲೆಗಳು. ಒಂದೆರಡಲ್ಲ, ಪರಿಷೆಯ ಜನದ ಹಾಗೆ. ಹನುಮವ್ವ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಎದುರ್ಕಬ್ಯಾಡ. ಕೂತ್ಕ. ಬೆಳ್ಳು ಮಣ್ಣೊಳಕ್ಕೆ ಬಿಡು. ಕೆಳಗೆ, ಇನ್ನೂ ಕೆಳಗೆ."

ಹನುಮವ್ವ ಬೆರಳಿಳಿಸಿದಳು. ಕಾಂಡ ಬೇರಿನಂತೆ ನೀಳವಾಗಿ ಹುತ್ತದ ಒಳಕ್ಕೆ ಇಳಿಯುತ್ತಲೇ ಹೋಯಿತು. ಒಂದು ಗೇಣಾದರೂ ತುದಿ ಸಿಗಲಿಲ್ಲ. ಮಣ್ಣಿನೊಳಗೆ ಬೆಚ್ಚಗಿತ್ತು.

"ಇದು ಒಂದು ಗುರುತು. ಇದೊಂದ್ನೇ ನೆಚ್ಕೊಂಡ್ರೆ ಸಾಲ್ದು. ನಾಕು ಮಳೆಗಾಲ ನನ್ ಜೊತೆ ಬಾ. ಅಲ್ಲೀಗಂಟ ಒಬ್ಳೇ ಕಿತ್ತು ತಿನ್ನಕೂಡ್ದು. ನಮ್ ಅತ್ತೆ ನಂಗೆ ಅಂಗೇ ಕಲಿಸಿದ್ದು."

"ನಿಮ್ಮ ಸೊಸೀಗಿ ತೋರ್ಸಿಲ್ಲೇನ್ರಿ?"

"ಮಾಲಕ್ಸ್ಮಿಗಾ? ಅವ್ಳಿಗೆ ಪ್ಲಾಸ್ಟಿಕ್ ಡಬ್ಬೀಲಿ ಬರೋವೇ ಆಗ್ಬೇಕು. ಈ ಜಾಗ ನಂಜೊತೆಗೇ ಮಣ್ಣಾಯ್ತದೆ ಅನ್ಕಂಡಿದ್ದೆ." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೊಗ್ಗು ಬುಟ್ಬುಡು. ಅರಳಿರೋವು ಮಾತ್ರ ಸಾಕು."

ಹನುಮವ್ವನ ಬೇಗೂರಿನ ಒಂಟಿ ಕೋಣೆಯಲ್ಲಿ ಆ ಮಧ್ಯಾಹ್ನ ಚಿಕ್ಕಮುನಿಯಮ್ಮನೇ ಒಲೆಯ ಮುಂದೆ ಕೂತಳು. ಅಣಬೆಯ ಸಾರು, ರಾಗಿ ಮುದ್ದೆ. ಗಂಗಪ್ಪ ಗೋಡೆಗೆ ಒರಗಿ, ಕುದಿಯುವ ಪಾತ್ರೆಯನ್ನೇ ನೋಡುತ್ತಿದ್ದ. ಅವನ ಕೆನ್ನೆ ಇನ್ನೂ ತುಂಬಿಕೊಂಡಿರಲಿಲ್ಲ.

"ಬಲವಂತ ಇಲ್ಲ ಮಗಾ," ಎಂದಳು ಮುದುಕಿ. ತಾನು ಮೊದಲು ಬಡಿಸಿಕೊಂಡು ನಾಲ್ಕು ತುತ್ತು ಉಂಡಳು. ಹನುಮವ್ವ ತಲೆ ತಗ್ಗಿಸಿ ಕೂತಿದ್ದಳು. ಗಂಡನ ತಟ್ಟೆ ನೆಲದ ಮೇಲೆ ಸರಿದ ಸದ್ದು ಕೇಳಿ ಕತ್ತೆತ್ತಿದಳು.

"ಅವತ್ತ ನೀವು ಬರದಿದ್ರ ನಾ ಈ ತಾಟಿನ ಮುಂದ ಕುಂತಿರತಿದ್ದಿಲ್ಲ," ಎಂದ ಗಂಗಪ್ಪ. "ಹಾಕ್ರಿ ಯವ್ವಾ."

ಊಟ ಮುಗಿದು ಮುದುಕಿ ಹೊರಡಲು ಎದ್ದಳು. ಹೊಸ್ತಿಲ ಹತ್ತಿರ ಚಪ್ಪಲಿಗೆ ಕಾಲು ತೂರಿಸುವಾಗ ಹಾ ಎಂದು ಮುಖ ಕಿವುಚಿದಳು. "ಏನಿಲ್ಲ, ಜಾಲಿ ಮುಳ್ಳು. ಮನೇಗೋಗಿ ತಕ್ಕಂತೀನಿ."

ಹನುಮವ್ವ ಅವಳ ಭುಜ ಹಿಡಿದು ಕೂರಿಸಿದಳು. ಬಾಗಿಲಿನ ಬೆಳಕಿಗೆ ತಾನೂ ಕೂತು, ಬಿರುಕು ಬಿಟ್ಟ ಆ ಪಾದವನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಬಿಚ್ಚಿ, ಹಿಮ್ಮಡಿಗೆ ಅಂಟಿದ್ದ ಕೆಮ್ಮಣ್ಣನ್ನು ಸೆರಗಿನಿಂದ ಒರೆಸಿ, ಉಸಿರು ಬಿಗಿಹಿಡಿದು ಬಾಗಿದಳು.